ಗಂಟು ನೆಲ ಮುಟ್ಟಬಾರದು

ಕಾರು ಬಂದರೆ ಹಗ್ಗ ಎತ್ತಬೇಕು. ಕಾರು ಹೋದರೆ ಹಗ್ಗ ಇಳಿಸಬೇಕು. ಸಣ್ಣಿಯ ಕೆಲಸ ಇಷ್ಟೇ. ಇಷ್ಟಕ್ಕೆ ಮೈಗೊಂದು ಹಸಿರು ಅಂಗಿ, ತಲೆಗೊಂದು ಟೋಪಿ, ಕೊರಳಿಗೆ ಅವಳ ಫೋಟೊ ಇರುವ ಕಾರ್ಡು. ಫೋಟೊದಲ್ಲಿ ಅವಳು ನಗುತ್ತಿದ್ದಳು. ನಗು ಅಂದಿದ್ದರು, ನಕ್ಕಿದ್ದಳು.

ಹಗ್ಗದ ಇನ್ನೊಂದು ತುದಿಯಲ್ಲಿ ಉದ್ದಕ್ಕ. ಬೀದಿಯ ಹೆಂಗಸರಲ್ಲೆಲ್ಲ ಎತ್ತರದವಳು, ಮಾತು ಮಾತ್ರ ಗಿಡ್ಡ. ಇಬ್ಬರ ನಡುವೆ ಎದೆಮಟ್ಟಕ್ಕೆ ನೀಲಿ ಹಗ್ಗ. ಹಗ್ಗದ ಹಿಂದೆ ನಡೆಯುವ ಜನ. ಹಗ್ಗದ ಮುಂದೆ ರಸ್ತೆ. ರಸ್ತೆಯ ಆಚೆ ದಡದಲ್ಲಿ ಮಾಲ್. ಅದರ ಬಾಗಿಲಿಗೆ ತಿರುಗಲು ಕಾದ ಕಾರುಗಳು ಒಂದರ ಹಿಂದೊಂದು, ಊರಿನ ತನಕ.

ಮಾಲಿನ ಗೇಟಿನಲ್ಲಿ ಒಬ್ಬ ಮೇಲ್ವಿಚಾರಕ. ಅವನ ಬಾಯಲ್ಲಿ ಮಾತಿಗಿಂತ ಸೀಟಿ ಹೆಚ್ಚು. ಬೀದಿಯವರು ಅವನನ್ನು ಸೀಟಿ ಸಾಹೇಬ ಅನ್ನುತ್ತಿದ್ದರು. ಅವನು ಒಮ್ಮೆ ಊದಿದರೆ ಹಗ್ಗ ಮೇಲೆ, ಇನ್ನೊಮ್ಮೆ ಊದಿದರೆ ಕೆಳಗೆ. ಹಗ್ಗ ಮೇಲಿದ್ದಾಗ ಸಣ್ಣಿ ಹೇಳಬೇಕಾದ ಮಾತೂ ಒಂದಿತ್ತು. ಮೊದಲ ದಿನವೇ ಬಾಯಿಪಾಠ ಮಾಡಿಸಿದ್ದರು.

"ಸ್ವಲ್ಪ ನಿಲ್ಲಿ. ಕಾರುಗಳು ಹೋಗಲಿ."

ಹಗ್ಗದ ಹಿಂದೆ ನಿಲ್ಲುತ್ತಿದ್ದವರೆಲ್ಲ ಅವಳ ಬೀದಿಯವರೇ.

ಅದು ಬಟ್ಟೆ ಒಗೆಯುವವರ ಬೀದಿ. ಮನೆಯ ಮುಂದೆ ಕಲ್ಲು, ಹಿಂದೆ ಹಂಡೆ, ಮೇಲೆ ತಂತಿ. ಬೆಳಗಾದರೆ ಆಸ್ಪತ್ರೆಯ ಚಾದರಗಳು ಕುದಿಯುತ್ತವೆ. ರಕ್ತ, ಕೀವು, ಔಷಧಿ, ಹೆರಿಗೆ, ಸಾವು ಎಲ್ಲ ಒಂದೇ ಹಂಡೆಯಲ್ಲಿ. ಎತ್ತಿ ಬಡಿಯಬೇಕು, ಹಿಂಡಬೇಕು, ಹರವಬೇಕು, ಮಡಚಬೇಕು, ಗಂಟು ಕಟ್ಟಬೇಕು. ತಲೆಗೆ ಸಿಂಬೆ ಇಟ್ಟು, ಸಿಂಬೆಯ ಮೇಲೆ ಗಂಟು ಹೊತ್ತು ಆಸ್ಪತ್ರೆಗೆ ನಡೆಯಬೇಕು. ಆಸ್ಪತ್ರೆ ರಸ್ತೆಯಾಚೆ, ದಾಟಿ ಇನ್ನೂ ಅಷ್ಟು ದೂರ.

ಒಗೆದ ಗಂಟು ನೆಲ ಮುಟ್ಟಬಾರದು. ಇದು ಬೀದಿಯ ಕಟ್ಟು. ಆಸ್ಪತ್ರೆಯ ನರ್ಸು ಒಂದೊಂದೇ ಚಾದರ ಬಿಡಿಸಿ ನೋಡುತ್ತಾಳೆ. ಒಂದರ ಅಂಚಿಗೆ ಮಣ್ಣು ಕಂಡರೂ ಇಡೀ ಗಂಟು ವಾಪಸ್ಸು. ಹಾಗಾಗಿ ಹೊತ್ತವಳು ತಾನಾಗಿ ಇಳಿಸುವಂತಿಲ್ಲ. "ಕೈ ಹಾಕು" ಅನ್ನಬೇಕು. ಆ ಮಾತು ಕಿವಿಗೆ ಬಿದ್ದವರು ಕೈಯಲ್ಲಿದ್ದದ್ದನ್ನು ಬಿಟ್ಟು ಬರಬೇಕು. ಹಾಲೂಡುತ್ತಿದ್ದವಳು ಮಗುವನ್ನು ಬಿಡಿಸಿ ಬರುತ್ತಿದ್ದಳು. ನಲ್ಲಿಯ ಹತ್ತಿರ ಜುಟ್ಟು ಹಿಡಿದು ಜಗಳಾಡುತ್ತಿದ್ದವರೂ ಜುಟ್ಟು ಬಿಟ್ಟು, ಗಂಟು ಇಳಿಸಿಕೊಟ್ಟು, ಮತ್ತೆ ಹೋಗಿ ಜುಟ್ಟು ಹಿಡಿಯುತ್ತಿದ್ದರು.

ರಸ್ತೆ ಮೊದಲು ಕಿರಿದಾಗಿತ್ತು. ಆಚೆ ಈಚೆ ನಿಂತು ಮಾತಾಡಬಹುದಿತ್ತು. ಬೀದಿಯ ಬಾಯಲ್ಲಿ ಎದೆಯೆತ್ತರದ ಒಂದು ಕಲ್ಲುಕಟ್ಟೆ. ಯಾರ ಕೈಯೂ ಸಿಗದಿದ್ದರೆ ಹೊತ್ತವರು ಗಂಟನ್ನು ಅದರ ಮೇಲೆ ಜಾರಿಸಿ ಉಸಿರು ಬಿಡುತ್ತಿದ್ದರು. ಬಸ್ಸು ಆ ಕಟ್ಟೆಯ ಹತ್ತಿರವೇ ಬಂದು ನಿಲ್ಲುತ್ತಿತ್ತು. ಬೀದಿ, ಪೇಟೆ, ಆಸ್ಪತ್ರೆ. ಅದೇ ಅದರ ದಾರಿ. ಮುದುಕಿಯರ ಗಂಟುಗಳು ಹಿಂದಿನ ಸೀಟಿನಲ್ಲಿ ಕೂತು, ಮುದುಕಿಯರು ಪಕ್ಕದಲ್ಲಿ ನಿಂತು ಹೋಗುತ್ತಿದ್ದರು.

ಆಮೇಲೆ ಊರಾಚೆ ಮಾಲ್ ಎದ್ದಿತು.

ಎದ್ದಮೇಲೆ ಊರು ಒಂದು ಬದಿಗೆ ವಾಲಿತು, ಒಂದೇ ಕಡೆ ಭಾರ ಹೇರಿದ ಬಂಡಿಯ ಹಾಗೆ. ನಡೆದು ಪೇಟೆಗೆ ಹೋಗುತ್ತಿದ್ದವರು ಕಾರು ತೆಗೆದರು. ಒಂದು ಬ್ರೆಡ್ಡಿಗೂ ಕಾರು, ಅಂಗಿಯ ಒಂದು ಗುಂಡಿಗೂ ಕಾರು. ಪೇಟೆಯ ಅಂಗಡಿಗಳು ಒಂದೊಂದಾಗಿ ಬಾಗಿಲೆಳೆದವು. ಬಟ್ಟೆ ಸೋಡಾ ಮಾರುತ್ತಿದ್ದ ಅಂಗಡಿಯೂ ಮುಚ್ಚಿತು. ಈಗ ಸೋಡಾಕ್ಕೂ ಮಾಲಿಗೇ ಹೋಗಬೇಕು. ಅಲ್ಲಿ ಅದು ಕಾರಿನ ಡಿಕ್ಕಿಗೆ ಹೇಳಿ ಮಾಡಿಸಿದಂಥ ದೊಡ್ಡ ಮೂಟೆಯಲ್ಲಿ ಮಾತ್ರ. ರಸ್ತೆ ಅಗಲವಾಯಿತು. ಆ ಅಗಲಕ್ಕೆ ಬೀದಿಯ ಮುಂದಿನ ಮನೆಗಳ ಜಗಲಿ ಹೋಯಿತು, ಒಗೆಯುವ ಕಲ್ಲು ಹೋಯಿತು, ಹೊರೆ ಇಳಿಸುವ ಕಟ್ಟೆ ಹೋಯಿತು. ಕಟ್ಟೆ ಇದ್ದಲ್ಲಿ ಈಗ ಮಾಲಿನ ಬೋರ್ಡು. ಅದರಲ್ಲೊಬ್ಬಳು ಹೆಂಗಸು ತಲೆಯ ಮೇಲೆ ಬಣ್ಣಬಣ್ಣದ ಡಬ್ಬಗಳನ್ನು ಪೇರಿಸಿಕೊಂಡು ಕುಣಿಯುತ್ತಿದ್ದಾಳೆ.

ರಸ್ತೆಯ ನಡುವೆ ಉದ್ದಕ್ಕೂ ಡಿವೈಡರ್ ಬಂತು. ಅದು ಬಾಯಿ ಬಿಟ್ಟಿದ್ದು ಮಾಲಿನ ಗೇಟಿನ ಎದುರು ಮಾತ್ರ, ಬೀದಿಯವರೂ ಅಲ್ಲೇ ದಾಟಬೇಕು. ಒಂದು ಮೇಲ್ಸೇತುವೆಯನ್ನೂ ಕಟ್ಟಿದರು, ಪಾರ್ಕಿಂಗಿನಿಂದ ಮಾಲಿನ ಮಹಡಿಗೆ. ಬೀದಿಯಿಂದ ಅದಕ್ಕೆ ಮೆಟ್ಟಿಲಿಲ್ಲ. ಬೀದಿಯ ಹಿರಿಯರು ಕಚೇರಿಗೆ ಹೋಗಿ ಕೇಳಿದರು. ಅಲ್ಲಿದ್ದವನು ಕುರ್ಚಿಯನ್ನು ಅತ್ತಿತ್ತ ತಿರುಗಿಸುತ್ತ, "ಗಾಡಿ ಇಲ್ಲದೋರಿಗೆ ಅಂಥ ಅರ್ಜೆಂಟು ಏನಿರುತ್ತೆ?" ಅಂದ. ನಿಜವಾಗಿಯೂ ತಿಳಿಯಲೆಂದೇ ಕೇಳಿದ ಹಾಗಿತ್ತು.

ಬಸ್ಸೂ ದಾರಿ ಬದಲಿಸಿತು. ಈಗ ಅದು ಊರಿಂದ ನೇರ ಮಾಲಿಗೆ. ಪೇಟೆಯಿಲ್ಲ, ಆಸ್ಪತ್ರೆಯಿಲ್ಲ. ರಸ್ತೆಯಾಚೆಗಾದರೂ ದಾಟಿಸೀತೆಂದು ಕೈ ಅಡ್ಡ ಹಿಡಿದರೆ ಕಂಡಕ್ಟರ್ ಬಾಗಿಲಿಂದಲೇ ತಲೆಯಾಡಿಸುತ್ತಿದ್ದ.

"ಗಂಟು ಮೂಟೆ ಹತ್ತಿಸಲ್ಲಮ್ಮ. ಇದು ಶಾಪಿಂಗ್ ಬಸ್ಸು."

"ವಾಪಸ್ ಬರೋವಾಗ ಜನ ತೊಡೆ ಮೇಲೆ ಇಟ್ಕೊಂಡಿರ್ತಾರಲ್ಲ, ಅದೇನಪ್ಪಾ, ಗಾಳಿನಾ?" ಎಂದು ಕೇಳಿದವಳು ಸಣ್ಣಿಯ ಅತ್ತೆ.

ಕಂಡಕ್ಟರ್ ನಕ್ಕ. ಬಸ್ಸು ಹೋಯಿತು.

ಮೊದಮೊದಲು ಹಗ್ಗ ಹಿಡಿದವರು ಹೊರಗಿನಿಂದ ತಂದ ಗಂಡಸರು. ಬೀದಿಯವರು ಅವರಿಗೆ ಸೊಪ್ಪು ಹಾಕಲಿಲ್ಲ. ಹಗ್ಗದಡಿ ನುಸುಳಿದರು, ತಳ್ಳಿದರು, ಅವರ ಅಪ್ಪ ಅಮ್ಮನನ್ನೆಲ್ಲ ಸೇರಿಸಿ ಬೈದರು. ಆಗ ಮಾಲಿನ ಮ್ಯಾನೇಜರ್ ಒಂದು ದಾರಿ ಹುಡುಕಿದ. "ಅವರ ಹೆಣ್ಣುಮಕ್ಕಳ ಕೈಗೇ ಹಗ್ಗ ಕೊಡಿ. ತಮ್ಮವರನ್ನ ತಾವೇ ತಳ್ತಾರಾ?" ಅಂದನಂತೆ. ಸೀಟಿ ಸಾಹೇಬ ಇದನ್ನು ಬೀದಿಯಲ್ಲಿ ನಿಂತೇ ಹೇಳಿದ, ಬೀದಿಗೆ ಸಿಕ್ಕ ಮರ್ಯಾದೆ ಎಂಬಂತೆ.

ಸಣ್ಣಿಯ ಗಂಡ ಇಸ್ತ್ರಿ ಮಾಡುವವನು. ಕಾದ ಪೆಟ್ಟಿಗೆಯಿಂದ ಕಣ್ಣೆತ್ತದೆ, "ಬೇಡ. ಬೀದಿಯವರ ಬಾಯಿಗೆ ಬೀಳ್ತೀಯ" ಅಂದ.

ಅತ್ತೆ ಸೊಸೆಯ ಕೈಗಳನ್ನು ಎಳೆದು ದೀಪದ ಕೆಳಗೆ ಹಿಡಿದಳು. ಸೋಡಾ ತಿಂದು ಬೆರಳ ಸಂದಿಗಳು ಒಡೆದಿದ್ದವು. ಉಗುರಿನ ಬುಡದಲ್ಲಿ ರಕ್ತ.

"ಬಿದ್ರೆ ಬೀಳ್ಲಿ ಬಿಡೋ. ಬಾಯೇನು ಸೋಡಾನಾ, ಚರ್ಮ ಕಿತ್ಕೊಂಡ್ ಬರೋಕೆ? ಕಲ್ಲಿಗಿಂತ ಹಗ್ಗ ಹಗುರ. ಹೋಗೇ ಸಣ್ಣಿ. ನಿನ್ನ ಪಾಲಿನ ಗಂಟು ನಾನು ಹೊರ್ತೀನಿ."

ಹಾಗೆ ಹೋದಳು.

ಮೊದಲು ಬೈದರು. "ಅಪ್ಪಣೆ ಕೊಡಿ ಮಹಾರಾಣಿ, ದಾಟ್ತೀವಿ" ಎಂದು ಬಗ್ಗಿ ಕೈಮುಗಿದರು. "ನಿನ್ನ ಮದುವೆಗೆ ನಾನು ನೀರು ಹೊತ್ತಿದ್ದೆ ಕಣೇ" ಎಂದು ಒಬ್ಬಳು ನೆನಪಿಸಿದಳು. ಆಮೇಲೆ ಬೈಯುವುದನ್ನೂ ಬಿಟ್ಟರು. ಹಗ್ಗ ಎದ್ದರೆ ನಿಂತರು. ಗಂಟು ತಲೆಯ ಮೇಲೆ, ಬಿಸಿಲು ಗಂಟಿನ ಮೇಲೆ. ಮ್ಯಾನೇಜರ್ ಹೇಳಿದ್ದು ಸರಿಯಾಗಿತ್ತು.

ಕಾರಿನವರಿಗೆ ಹಲ್ಲು ಕಾಣಬೇಕಿತ್ತು. ಸೀಟಿ ಸಾಹೇಬ ದೂರದಿಂದಲೇ ತನ್ನ ಹಲ್ಲು ಕಿರಿದು, ಬೆರಳಿಂದ ತೋರಿಸಿ ನೆನಪು ಮಾಡುತ್ತಿದ್ದ. ಕಾರಿನೊಳಗಿನ ಮಕ್ಕಳು ಸಣ್ಣಿಗೆ ಕೈಬೀಸುತ್ತಿದ್ದವು. ಒಮ್ಮೆ ಒಂದು ನಾಯಿ ಕಿಟಕಿಯಿಂದ ತಲೆ ಹಾಕಿ ಅವಳನ್ನು ನೋಡಿತು. ಅದಕ್ಕೂ ನಕ್ಕಳು. ಒಂದಕ್ಕೆ ಹೋಗಬೇಕೆಂದರೆ ಮಾಲಿನೊಳಗೆ ಬಿಡುತ್ತಿರಲಿಲ್ಲ. "ಅದು ಗ್ರಾಹಕರಿಗೆ. ನಿನ್ನ ಮನೆ ಬೆನ್ನ ಹಿಂದೇನೇ ಇದೆಯಲ್ಲ." ಮನೆಗೆ ಹೋಗಬೇಕೆಂದರೆ ಹಗ್ಗ ಬಿಡಬೇಕು. ಹಗ್ಗ ಬಿಡುವಂತಿಲ್ಲ. ಅವಳು ನೀರು ಕುಡಿಯುವುದನ್ನು ಬಿಟ್ಟಳು.

ಆರಂಭದಲ್ಲಿ ಭುಜ ನೋಯುತ್ತಿತ್ತು. ಆಮೇಲೆ ನೋವು ನಿಂತಿತು. ಭುಜ ತನ್ನದಲ್ಲ ಅನ್ನಿಸತೊಡಗಿತು. ಕೆನ್ನೆ ಮರಗಟ್ಟಿತು. ಅಜ್ಜಿ ಹೇಳುತ್ತಿದ್ದ 'ಗೂಟದ ಹುಡುಗಿ' ಕಥೆ ಆಗಾಗ ನೆನಪಾಗುತ್ತಿತ್ತು. ಒಂದು ಹೊಳೆ. ಹೊಳೆಗೊಂದು ದೋಣಿ. ದೋಣಿಯ ಹಗ್ಗ ಹಿಡಿದು ದಡದಲ್ಲಿ ನಿಂತ ಒಬ್ಬ ಹುಡುಗಿ. ಈಗ ಬಂದೆ, ಹಿಡಿದಿರು ಎಂದು ಹೋದ ಅಂಬಿಗ ಬರಲೇ ಇಲ್ಲ. ನಿಂತೂ ನಿಂತೂ ಅವಳು ಮರದ ಗೂಟವಾದಳು. ಬಂದವರೆಲ್ಲ ಅವಳಿಗೇ ದೋಣಿ ಕಟ್ಟಿದರು, ಅವಳ ಮೇಲೆಯೇ ಒದ್ದೆ ಬಟ್ಟೆ ಹರವಿದರು. "ಆಮೇಲೆ ಅಜ್ಜಿ?" ಅನ್ನುವಷ್ಟರಲ್ಲಿ ಅಜ್ಜಿಗೆ ಗೊರಕೆ. ಆಮೇಲೇನಾಯಿತೆಂದು ಸಣ್ಣಿಗೆ ಯಾವತ್ತೂ ಗೊತ್ತಾಗಲಿಲ್ಲ.

ಅದೊಂದು ರಜೆಯ ದಿನ. ಅತ್ತೆ ಬಂದಳು. ತಲೆಯ ಮೇಲೆ ತನ್ನ ಪಾಲು, ಸೊಸೆಯ ಪಾಲು ಎರಡೂ ಸೇರಿದ ಗಂಟು. ಹಗ್ಗ ಮೇಲಿತ್ತು. ಅವಳು ಸಣ್ಣಿಯ ಪಕ್ಕದಲ್ಲೇ ನಿಂತಳು.

"ಏನೇ ಇದು, ಊರಿಗೆ ಊರೇ ಗುಳೆ ಎದ್ದಿದೆಯಾ?"

"ರೇಟು ಇಳಿಸಿದಾರಂತೆ ಅತ್ತೆ."

"ಯಾವುದಕ್ಕೆ?"

"ಎಲ್ಲದಕ್ಕೂ."

"ಹಾಗಾದ್ರೆ ನಂಗೊಂದು ಕುತ್ತಿಗೆ ತಗೊಂಡ್ ಬಾರೇ. ಇದು ಸವೆದುಹೋಗಿದೆ."

ಉದ್ದಕ್ಕ ಆ ತುದಿಯಿಂದ ನಕ್ಕಳು. ಅವಳು ನಕ್ಕರೆ ಹಗ್ಗವೂ ಕುಲುಕುತ್ತಿತ್ತು.

ಕಾರುಗಳು ಮುಗಿಯಲಿಲ್ಲ. ಸೀಟಿ ಕೂಗಲಿಲ್ಲ. ಅತ್ತೆಯ ಮುಖದಲ್ಲಿ ನಗು ಆರಿತು. ಕುತ್ತಿಗೆಯ ನರ ಎದ್ದು ನಿಂತಿತು. ಬೆವರು ಕಿವಿಯ ಹಿಂದಿಂದ ಇಳಿದು ಕೊರಳು ಸೇರಿತು. ಗಂಟು ಮೆಲ್ಲಗೆ ಒಂದು ಬದಿಗೆ ವಾಲಿತು.

"ಸಣ್ಣಿ, ಕೈ ಹಾಕೇ."

ಸಣ್ಣಿಗೆ ಕೇಳಿಸಿತು. ಕೇಳಿಸಲಿಲ್ಲ ಅನ್ನುವಂತಿಲ್ಲ. ಅವಳ ಎರಡೂ ಕೈ ಹಗ್ಗದ ಮೇಲಿದ್ದವು. ಸೀಟಿ ಸಾಹೇಬ ಅವಳನ್ನೇ ನೋಡುತ್ತಿದ್ದ. ಅವಳ ಬಾಯಿ ತಾನಾಗಿ ತೆರೆಯಿತು.

"ಸ್ವಲ್ಪ ನಿಲ್ಲಿ. ಕಾರುಗಳು ಹೋಗಲಿ."

ಅತ್ತೆಗೆ ಹೇಳಿದಳು. ಗುರುತಿಲ್ಲದ ಯಾರಿಗೋ ಹೇಳುವ ಹಾಗೆ. ಹಲ್ಲೂ ಕಾಣುತ್ತಿತ್ತು.

ಅತ್ತೆ ಬಿದ್ದಳು. ಗಂಟು ಹಗ್ಗದ ಮೇಲಿಂದ ರಸ್ತೆಗೆ ಉರುಳಿ ಬಿಚ್ಚಿಕೊಂಡಿತು. ಬಿಳಿ ಚಾದರಗಳ ಮೇಲೆ ಒಂದು ಕಾರು ಹಾಯಿತು. ಅದರ ಹಿಂದೆ ಇನ್ನೊಂದು. ಅವುಗಳನ್ನು ನಿಲ್ಲಿಸಲು ಯಾರೂ ಹಗ್ಗ ಹಿಡಿದಿರಲಿಲ್ಲ. ಸೀಟಿ ಸಾಹೇಬ ಓಡಿಬಂದ. ಚಾದರಗಳನ್ನು ಕಾಲಿನಿಂದ ಬದಿಗೆ ಒತ್ತಿದ, ಚಕ್ರಕ್ಕೆ ಸುತ್ತಿಕೊಂಡಾವೆಂದು.

ಟೈರು ಹತ್ತಿದ ಚಾದರದಲ್ಲೇ ಅತ್ತೆಯನ್ನು ಮಲಗಿಸಿದರು. ಹೆಂಗಸರು ನಾಲ್ಕು ಮೂಲೆ ಹಿಡಿದರು. ಸೀಟಿ ಊದುವ ತನಕ ನಿಂತರು. ಊದಿದ ಮೇಲೆ ಹಗ್ಗ ಇಳಿಸಿದವಳು ಸಣ್ಣಿಯೇ.

ಯಾರೂ ಸಾಯಲಿಲ್ಲ. ಹಾಗಾಗಿ ಸುದ್ದಿಯೂ ಆಗಲಿಲ್ಲ. ಕುತ್ತಿಗೆಯಲ್ಲಿ ನರ ನಲುಗಿದೆ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಅತ್ತೆಯ ಎಡಗೈಗೆ ಬಿಸಿ ಯಾವುದು ತಂಪು ಯಾವುದು ಗೊತ್ತಾಗದಾಯಿತು. ಅಲ್ಲಿ ಅವಳನ್ನು ಮಲಗಿಸಿದ್ದ ಮಂಚದ ಚಾದರ ಅವಳೇ ಒಗೆದದ್ದು.

ಅತ್ತೆ ಬೈಯಲಿಲ್ಲ. ಬೈದಿದ್ದರೆ ಆಗುತ್ತಿತ್ತು. ಮನೆಗೆ ಬಂದವಳು ಎಂದಿನಂತೆ ಮಾತಾಡಿದಳು, ಎಂದಿನಂತೆ ಉಂಡಳು. "ಕೈ ಹಾಕು" ಅನ್ನುವುದನ್ನು ಮಾತ್ರ ಬಿಟ್ಟಳು. ನೀರಿನ ಕೊಡವನ್ನು ಒಂದೇ ಕೈಯಲ್ಲಿ ಎಳೆದಳು. ಹಂಡೆಯನ್ನು ಮೊಣಕಾಲಿನಿಂದ ವಾಲಿಸಿದಳು. ಸಣ್ಣಿ ಓಡಿ ಬಂದರೆ, "ಆಯ್ತು ಬಿಡೇ, ಆಗೋಯ್ತು" ಅನ್ನುತ್ತಿದ್ದಳು. ಮೆತ್ತಗೆ ಅನ್ನುತ್ತಿದ್ದಳು.

ಚಾದರಗಳನ್ನು ಮತ್ತೆ ಕುದಿಸಿದರು. ಒಂದರ ಮೇಲಿನ ಟೈರಿನ ಗುರುತು ಏನು ಮಾಡಿದರೂ ಹೋಗಲಿಲ್ಲ. ಆಸ್ಪತ್ರೆ ಅದನ್ನು ಬೇಡವೆಂದಿತು. ಅದು ಮನೆಯಲ್ಲೇ ಉಳಿಯಿತು.

ಮಾರನೆಯ ದಿನ ಸಣ್ಣಿ ಹಸಿರು ಅಂಗಿ ಹಾಕಿಕೊಂಡು ಹೋದಳು. ಅದರ ಮಾರನೆಯ ದಿನವೂ ಹೋದಳು. ಯಾಕೆಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಕೆಲಸಕ್ಕೆ ಹೋಗುವ ಹೊತ್ತಾಗಿರುತ್ತಿತ್ತು, ಹೋಗುತ್ತಿದ್ದಳು. ಸೀಟಿ ಕೂಗುತ್ತಿತ್ತು. ಹಗ್ಗ ಏಳುತ್ತಿತ್ತು. ಹಗ್ಗ ಇಳಿಯುತ್ತಿತ್ತು.

ಎದ್ದು ಓಡಾಡುವಂತಾದ ಮೇಲೆ ಅತ್ತೆ ಮತ್ತೆ ಗಂಟು ಹೊತ್ತಳು. ಚಿಕ್ಕ ಗಂಟು. ಮಗ ಬೇಡವೆಂದಿದ್ದ. "ಕೂತು ತಿಂದ್ರೆ ಬಾಯಿ ನೋಯುತ್ತೆ ಕಣೋ" ಎಂದು ಹೊರಟಿದ್ದಳು. ಬೀದಿಯ ಬಾಯಿಗೆ ಬಂದಾಗ ಹಗ್ಗ ಮೇಲಿತ್ತು. ಅದೇ ಜಾಗದಲ್ಲಿ, ಸಣ್ಣಿಯ ಪಕ್ಕದಲ್ಲಿ ನಿಂತಳು. ಅವಳ ಹಿಂದೆ ಒಂದೊಂದಾಗಿ ಬೇರೆ ಗಂಟುಗಳು ಬಂದು ನಿಂತವು.

ಕಾರುಗಳು ಹೋಗುತ್ತಿದ್ದವು. ಅತ್ತೆ ರಸ್ತೆಯನ್ನೇ ನೋಡುತ್ತಿದ್ದಳು. ಕುತ್ತಿಗೆ ನಡುಗತೊಡಗಿತು. ಎಡಗೈ ಗಂಟಿನ ಮೇಲಿತ್ತು, ಆದರೆ ಅದು ಹಿಡಿದಿದೆಯೋ ಬಿಟ್ಟಿದೆಯೋ ಅವಳಿಗೇ ಗೊತ್ತಿರಲಿಲ್ಲ. ಮೇಲೆ ನೋಡೋಣವೆಂದರೆ ಕುತ್ತಿಗೆ ಎತ್ತುವಂತಿರಲಿಲ್ಲ. ತುಟಿ ಬಿಗಿದುಕೊಂಡಿತ್ತು.

"ಅತ್ತೆ."

"ಹ್ಞೂಂ."

"ಕೇಳು."

"ಏನ್ ಕೇಳ್ಲಿ?"

"ಕೈ ಹಾಕು ಅಂತ ಕೇಳು."

ಅತ್ತೆ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ದನಿಯಲ್ಲಿ ಸಿಟ್ಟಿರಲಿಲ್ಲ. ನೀರು ಬಂತಾ ಎಂದು ಕೇಳಿದವರಿಗೆ ಇನ್ನೂ ಇಲ್ಲ ಅನ್ನುವ ಹಾಗೆ ಅಂದಳು:

"ನಿನ್ನ ಕೈ ಖಾಲಿ ಇಲ್ವಲ್ಲೇ."

ಸಣ್ಣಿ ತನ್ನ ಕೈಗಳನ್ನು ನೋಡಿಕೊಂಡಳು. ಹೌದು. ಹಗ್ಗ ಇತ್ತು. ಬಿಡಬೇಕೆಂದುಕೊಂಡಳು. ಬೆರಳುಗಳು ಬಿಡಲಿಲ್ಲ. ಬಲಗೈಯಿಂದ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು, ಬೇರೆಯವರ ಬೆರಳು ಬಿಡಿಸುವ ಹಾಗೆ. ಆಮೇಲೆ ಬಲಗೈಯನ್ನು ಕೊಡವಿದಳು. ಹಗ್ಗ ಬಿತ್ತು.

"ಈಗ ಖಾಲಿ" ಅಂದಳು.

ಅತ್ತೆ ಕಣ್ಣು ಮಾತ್ರ ಹೊರಳಿಸಿ ಅವಳನ್ನು ನೋಡಿದಳು.

"ಕೈ ಹಾಕೇ."

ಉದ್ದಕ್ಕ ತನ್ನ ತುದಿಯನ್ನೂ ಬಿಟ್ಟು ಬಂದಳು. ಸಣ್ಣಿಯ ಟೋಪಿ ಕಿತ್ತು ತನ್ನ ಜೇಬಿಗೆ ತುರುಕಿಕೊಂಡಳು. ಗಂಟು ಅತ್ತೆಯ ತಲೆಯಿಂದ ಸಣ್ಣಿಯ ತಲೆಗೆ ಬಂತು. ಸಿಂಬೆ ಇನ್ನೂ ಬೆಚ್ಚಗಿತ್ತು.

ಸಣ್ಣಿ ರಸ್ತೆಗಿಳಿದಳು. ಓಡಲಿಲ್ಲ. ಗಂಟು ಹೊತ್ತವರು ಓಡುವುದಿಲ್ಲ. ಮೊದಲ ಕಾರು ಕಿರುಚಿ, ಅವಳ ಮೊಣಕಾಲಿಗೆ ಗೇಣು ದೂರದಲ್ಲಿ ನಿಂತಿತು. ಅದರ ಹಿಂದಿನದು ನಿಂತಿತು. ಅದರ ಹಿಂದಿನದೂ. ರಸ್ತೆಯ ನಡುವೆ ಅವಳು ಕಾರುಗಳ ಕಡೆ ಮುಖ ಮಾಡಿ ನಿಂತುಕೊಂಡಳು. ಅವಳ ಬೆನ್ನ ಹಿಂದೆ ಗಂಟಿನ ಹಿಂದೆ ಗಂಟು ದಾಟತೊಡಗಿತು.

ಕಾರಿನವನು ಗಾಜಿಳಿಸಿದ. "ಏಯ್, ಸಾಯೋಕೆ ಬೇರೆ ಕಡೆ ಜಾಗ ಸಿಗಲಿಲ್ವಾ?"

"ಇದ್ದ ಜಾಗ ನಿಮ್ಮ ಗಾಡಿಗಳಿಗೇ ಬಿಟ್ಕೊಟ್ವಲ್ಲಪ್ಪ" ಎಂದು ಅತ್ತೆ ಅವನ ಕಿಟಕಿಯ ಪಕ್ಕದಲ್ಲೇ ನಡೆದು ಹೋದಳು.

ಸೀಟಿ ಕೂಗಿತು. ಮತ್ತೆ ಕೂಗಿತು. ಆಮೇಲೆ ಸೀಟಿ ಸಾಹೇಬನೇ ಬಂದ.

"ಹಗ್ಗ ಎತ್ತೇ! ಕೆಲಸ ಬೇಡ್ವಾ ನಿಂಗೆ?"

"ಕೈ ಖಾಲಿ ಇಲ್ಲ ಸಾರ್."

"ಆ ಗಂಟು ಕೆಳಗಿಡು ಮೊದ್ಲು!"

"ಒಗೆದ ಗಂಟು ಸಾರ್. ನೆಲ ಮುಟ್ಟಬಾರದು. ನೀವು ಕೈ ಹಾಕ್ತೀರಾ?"

ಅವನು ಗಂಟನ್ನು ನೋಡಿದ. ಅದರೊಳಗೆ ಆಸ್ಪತ್ರೆಯ ರೋಗವೆಲ್ಲ ಇರುವ ಹಾಗೆ ಒಂದು ಹೆಜ್ಜೆ ಹಿಂದೆ ಸರಿದ.

ಬೀದಿಯ ಕೊನೆಯವಳು ದಾಟುವ ತನಕ ಸಣ್ಣಿ ನಿಂತಳು. ಹಾರ್ನುಗಳ ಸದ್ದು ಊರಿನ ತನಕ ಹೋಗಿ ಊರಿಂದ ಮತ್ತೆ ಬಂತು. ಅವಳಿಗೆ ಖುಷಿಯಾಗಲಿಲ್ಲ. ಹೆದರಿಕೆಯೂ ಆಗಲಿಲ್ಲ. ಭುಜ ನೋಯತೊಡಗಿತು. ತನ್ನದೇ ಭುಜ.

ಅಂದೇ ಕೆಲಸ ಹೋಯಿತು, ಇಬ್ಬರದೂ. ಉದ್ದಕ್ಕ ಹಸಿರು ಅಂಗಿಗಳನ್ನು ಮಡಚಿ ಗೇಟಿನಲ್ಲಿ ಕೊಟ್ಟು ಬಂದಳು. ಹಗ್ಗವನ್ನು ಕೊಡಲಿಲ್ಲ.

ಮರುದಿನ ಬೆಳಿಗ್ಗೆ ಸೀಟಿ ಸಾಹೇಬ ಬೀದಿಯೊಳಗೆ ಬಂದ. ಒಬ್ಬನೇ ಬಂದ. ನೀಲಿ ಹಗ್ಗ ಸಣ್ಣಿಯ ಮನೆಯಿಂದ ಉದ್ದಕ್ಕನ ಮನೆಗೆ ಬಿಗಿದಿತ್ತು. ಅದರ ಮೇಲೆ ಈಗಷ್ಟೇ ಹಿಂಡಿದ ಚಾದರಗಳು.

"ಹಗ್ಗ ಕೊಡಿ. ಅದು ಮಾಲಿನದು" ಅಂದ. ಬೀದಿ ಬಟ್ಟೆ ಬಡಿಯುತ್ತಲೇ ಇತ್ತು. ಅವನು ದನಿ ತಗ್ಗಿಸಿದ. "ಹಗ್ಗ ಇಲ್ದೆ ಬಂದ್ರೆ ನೀನೂ ಬರಬೇಡ ಅಂದಿದಾರೆ ಮ್ಯಾನೇಜರು."

"ತಗೊಂಡ್ ಹೋಗಪ್ಪಾ, ಬೇಡ ಅಂದೋರ್ಯಾರು?" ಅತ್ತೆ ಕಲ್ಲಿನ ಮೇಲಿಂದ ಎದ್ದಳು. "ಬಟ್ಟೆ ತೆಗೀಬೇಕು ಅಷ್ಟೆ. ನೆಲ ಮುಟ್ಟೋ ಹಾಗಿಲ್ಲ. ಹಿಡ್ಕೋ."

ಅವನು ಎರಡೂ ತೋಳು ಚಾಚಿದ. ಸಣ್ಣಿ ಒಂದೊಂದೇ ಒದ್ದೆ ಚಾದರ ತೆಗೆದು ಅವನ ತೋಳ ಮೇಲೆ ಹಾಕಿದಳು. ಒದ್ದೆ ಬಟ್ಟೆ ಎಷ್ಟು ಭಾರವೆಂದು ಅವನಿಗೆ ಗೊತ್ತಿರಲಿಲ್ಲ. ನೀರು ಅಂಗಿಗೆ ಇಳಿಯಿತು, ಬೂಟಿಗೆ ಇಳಿಯಿತು. ಕೊರಳಲ್ಲಿ ತೂಗುತ್ತಿದ್ದ ಸೀಟಿಯ ತೂತಿಂದಲೂ ತೊಟ್ಟಿಕ್ಕಿತು. ಕೊನೆಗೆ, ಎಲ್ಲದರ ಮೇಲೆ, ಟೈರಿನ ಗುರುತಿನ ಚಾದರ.

"ಎಲ್ಲಿ ಇಡ್ಲಿ?" ಅಂದ.

ಇಡಲು ಕಟ್ಟೆ ಇರಲಿಲ್ಲ. ಅವನು ಸುತ್ತ ನೋಡಿದ. ಎಲ್ಲರ ಕೈಯೂ ಕೆಲಸದಲ್ಲಿತ್ತು. "ಕೈ ಹಾಕಿ" ಎಂದಿದ್ದರೆ ಬೀದಿಗೆ ಬೀದಿಯೇ ಬಿಟ್ಟು ಬರುತ್ತಿತ್ತು, ಅವನಾದರೂ ಸರಿ, ಬೀದಿಯ ಕಟ್ಟು ಅಂದರೆ ಕಟ್ಟು. ಆ ಮಾತನ್ನು ಅವನು ನಿನ್ನೆ ಕೇಳಿಸಿಕೊಂಡೂ ಇದ್ದ. ಅವನ ಬಾಯಿಗೆ ಅದು ಬರಲಿಲ್ಲ.

"ಎಷ್ಟು ಹೊತ್ತಮ್ಮ ಹೀಗೆ?"

ಸಣ್ಣಿ ಬೀದಿಯ ಬಾಯಿಯ ಕಡೆ ನೋಡಿದಳು. ಅವನೂ ನೋಡಿದ. ಹಗ್ಗವಿಲ್ಲದ ರಸ್ತೆಯಲ್ಲಿ ಗಂಟುಗಳು ಒಂದರ ಹಿಂದೊಂದು ದಾಟುತ್ತಿದ್ದವು. ಕಾರುಗಳು ನಿಂತಿದ್ದವು, ಊರಿನ ತನಕ.

ಅವಳು ಹಲ್ಲು ಕಾಣುವ ಹಾಗೆ ನಕ್ಕಳು.

"ಸ್ವಲ್ಪ ನಿಲ್ಲಿ ಸಾರ್. ಕಾರುಗಳು ಹೋಗಲಿ."